ಅಲೆಯ ಉದ್ದವೆಷ್ಟು, ಅಡ್ಡ ನಿಂತದ್ದರ ಅಗಲವೆಷ್ಟು?

ಓದುಗರ ಪ್ರಶ್ನೆ, ನಮ್ಮ ಉತ್ತರ: ಭೌತವಿಜ್ಞಾನ

ಅಲೆ ಮತ್ತು ಬೆಳಕಿನ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನಷ್ಟೇ ಅಚ್ಚುಹಾಕಿದೆ.

ಪ್ರಶ್ನೆ: ಪಕ್ಕದ ಕೋಣೆಯಲ್ಲಿ ಮಾತನಾಡುವವರು ಕಾಣುವುದಿಲ್ಲ, ಆದರೆ ಮಾತು ಕೇಳುತ್ತದೆ. ಶಬ್ದವೂ ಅಲೆ, ಬೆಳಕೂ ಅಲೆ ಎಂದು ಪುಸ್ತಕದಲ್ಲಿದೆ. ಹಾಗಿದ್ದರೆ ಒಂದು ಮಾತ್ರ ಬಾಗಿಲಿನ ಮೂಲೆ ತಿರುಗಿ ಬರುವುದೇಕೆ?
(ಹತ್ತನೇ ತರಗತಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಯಾವುದೇ ಅಲೆಯ ಬಗ್ಗೆ ಮೊದಲು ಕೇಳಬೇಕಾದದ್ದು ಅದರ ಉದ್ದ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗದೂರ. ವೇಗವನ್ನು ಆವೃತ್ತಿಯಿಂದ, ಅಂದರೆ ಸೆಕೆಂಡಿಗೆ ಹಾದುಹೋಗುವ ಉಬ್ಬುಗಳ ಸಂಖ್ಯೆಯಿಂದ (ಅದರ ಅಳತೆ ಹರ್ಟ್ಸ್), ಭಾಗಿಸಿದರೆ ಸಿಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾಗಿ 340 ಹರ್ಟ್ಸ್ ದನಿಯ ತರಂಗದೂರ 1 ಮೀಟರ್. ನಿಮ್ಮ ಮನೆಯ ಬಾಗಿಲೂ ಹೆಚ್ಚುಕಡಿಮೆ ಅಷ್ಟೇ ಅಗಲ. ಗಂಡಿಯ ಅಗಲ ಅಲೆಯ ಉದ್ದಕ್ಕೆ ಸಮನಾಗಿದ್ದರೆ ಅಥವಾ ಕಡಿಮೆಯಿದ್ದರೆ, ಗಂಡಿ ದಾಟಿದ ಅಲೆ ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತದೆ. ಇದು ವಿವರ್ತನೆ. ಹಸಿರು ಬೆಳಕಿನ ತರಂಗದೂರವೋ 0.00055 ಮಿಲಿಮೀಟರ್. 80 ಸೆಂಟಿಮೀಟರ್ ಬಾಗಿಲು ಅದಕ್ಕಿಂತ ಹದಿನಾಲ್ಕು ಲಕ್ಷ ಪಟ್ಟಿಗೂ ಹೆಚ್ಚು ಅಗಲ. ಅಂಥ ಗಂಡಿಯಲ್ಲಿ ಬೆಳಕು ಬಾಗುವುದು ಕಣ್ಣಿಗೆ ಸಿಗದಷ್ಟು ಕಡಿಮೆ.

ಗೋಡೆಯ ಪಾತ್ರವನ್ನೂ ಮರೆಯಬೇಡಿ. ಶಬ್ದ ಗೋಡೆಗೆ ಬಡಿದು ಪ್ರತಿಫಲಿಸಿಯೂ ಬರುತ್ತದೆ. ಗಾರೆಯ ಒಂದು ಮಿಲಿಮೀಟರ್ ಉಬ್ಬುತಗ್ಗು ಮೀಟರ್ ಉದ್ದದ ಅಲೆಗೆ ಲೆಕ್ಕಕ್ಕೇ ಇಲ್ಲ, ಶಬ್ದದ ಪಾಲಿಗೆ ಗೋಡೆ ನಯವಾದ ಕನ್ನಡಿ. ಬೆಳಕಿಗೆ ಅದೇ ಒಂದು ಮಿಲಿಮೀಟರ್ ಬೆಟ್ಟದಷ್ಟಾದ್ದರಿಂದ ಅದು ದಿಕ್ಕಾಪಾಲಾಗಿ ಚದುರುತ್ತದೆ. ಪಕ್ಕದ ಕೋಣೆಯ ದೀಪದ ಬೆಳಕು ಬರುತ್ತದೆ, ದೀಪದ ಆಕಾರ ಬರುವುದಿಲ್ಲ.

ಒಂದು ಪರೀಕ್ಷೆ ಮಾಡಿ ನೋಡಿ. ಮೂಲೆ ತಿರುಗಿ ಬಂದ ಮಾತಿನಲ್ಲಿ ‘ಸ’, ‘ಶ’ ಮಂಕಾಗಿರುತ್ತವೆ. ಆ ಅಕ್ಷರಗಳ ಸದ್ದಿನಲ್ಲಿ 3,000ದಿಂದ 8,000 ಹರ್ಟ್ಸ್ ಹೆಚ್ಚು; 8,000 ಹರ್ಟ್ಸ್‌ನ ತರಂಗದೂರ ಬರೀ 4 ಸೆಂಟಿಮೀಟರ್. ಬಾಗಿಲು ಅದಕ್ಕೆ ತೀರ ಅಗಲವಾಯಿತು.

ಪ್ರಶ್ನೆ: ಲೇಸರ್ ಪಾಯಿಂಟರಿನಿಂದ ತಲೆಗೂದಲಿನ ದಪ್ಪ ಅಳೆಯಬಹುದು ಎಂದು ಓದಿ ಶಾಲೆಯಲ್ಲಿ ಪ್ರಯತ್ನಿಸಿದೆವು. ಗೋಡೆಯ ಮೇಲೆ ಕೆಂಪು ಚುಕ್ಕೆ ಬಿಟ್ಟು ಬೇರೇನೂ ಬರಲಿಲ್ಲ. ಎಲ್ಲಿ ತಪ್ಪಾಯಿತು?
(ಪ್ರೌಢಶಾಲಾ ಶಿಕ್ಷಕರು, ಗದಗ)

ಉತ್ತರ: ಬಹುಶಃ ಗೋಡೆ ತೀರ ಹತ್ತಿರವಿತ್ತು. ಕೂದಲಿನ ದಪ್ಪ ಸಾಮಾನ್ಯವಾಗಿ 60ರಿಂದ 90 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕೆಂಪು ಲೇಸರಿನ ತರಂಗದೂರ 0.65 ಮೈಕ್ರಾನ್. ಕೂದಲು ಅಲೆಗಿಂತ ನೂರು ಪಟ್ಟು ದಪ್ಪವಾದ್ದರಿಂದ ಬೆಳಕು ಬಾಗುವುದು ಅರ್ಧ ಡಿಗ್ರಿಯ ಆಸುಪಾಸು ಮಾತ್ರ. ಗೋಡೆ ಅರ್ಧ ಮೀಟರ್ ದೂರದಲ್ಲಿದ್ದರೆ ಪಟ್ಟೆಗಳ ನಡುವಿನ ಅಂತರ 5 ಮಿಲಿಮೀಟರಿಗೂ ಕಡಿಮೆ; ನಡುವಿನ ಚುಕ್ಕೆಯ ಪ್ರಭೆಯಲ್ಲಿ ಅದು ಮುಳುಗಿಹೋಗುತ್ತದೆ. 3 ಮೀಟರ್ ದೂರವಿಡಿ, ಅಂತರ 3 ಸೆಂಟಿಮೀಟರಿನ ಹತ್ತಿರ ಬರುತ್ತದೆ.

ಕ್ರಮ ಹೀಗಿರಲಿ. ಪೋಸ್ಟ್‌ಕಾರ್ಡಿನಷ್ಟು ದಪ್ಪದ ರಟ್ಟಿನಲ್ಲಿ ಒಂದು ಸೆಂಟಿಮೀಟರ್ ಚೌಕದ ಕಿಂಡಿ ಕತ್ತರಿಸಿ, ಅದರ ನಡುವೆ ಕೂದಲನ್ನು ಬಿಗಿಯಾಗಿ ಎಳೆದು ಎರಡೂ ತುದಿಗೆ ಟೇಪ್ ಹಚ್ಚಿ. ಕೂದಲಿಗೆ ಎಣ್ಣೆ ಇದ್ದರೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ, ಇಲ್ಲವಾದರೆ ಪಟ್ಟೆಗಳು ಕಲಸಿಹೋಗುತ್ತವೆ. ಲೇಸರನ್ನು ಕೈಯಲ್ಲಿ ಹಿಡಿಯದೆ ಎರಡು ಪುಸ್ತಕಗಳ ನಡುವೆ ಮೇಜಿನ ಮೇಲೆ ಕೂರಿಸಿ. ಗುಂಡಿ ಒತ್ತಿಯೇ ಇರಲು ಬಟ್ಟೆಯ ಕ್ಲಿಪ್ ಸಾಕು. ರಟ್ಟನ್ನು ಲೇಸರಿನ ಬಾಯಿಗೆ ಹತ್ತಿರ ನಿಲ್ಲಿಸಿ, ಕಿರಣ ಕೂದಲಿನ ಮೇಲೆ ಸರಿಯಾಗಿ ಬೀಳುವವರೆಗೆ ಕೂದಲೆಳೆಯಷ್ಟಷ್ಟೇ ಸರಿಸಿ. ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲೇ: ಕಿರಣದ ಅಗಲ 2-3 ಮಿಲಿಮೀಟರ್, ಕೂದಲು ಅದರ ಅಂಚಿನಲ್ಲಿದ್ದರೆ ಏನೂ ಬರುವುದಿಲ್ಲ. ಕೂದಲು ನೆಟ್ಟಗೆ ನಿಂತಿದ್ದರೆ ಪಟ್ಟೆಗಳು ಅಡ್ಡಡ್ಡಲಾಗಿ, ಎಡಬಲಕ್ಕೆ ಹರಡುತ್ತವೆ. ಮೇಲೆ ಕೆಳಗೆ ಹುಡುಕಬೇಡಿ. ಕೋಣೆ ಕತ್ತಲಾಗಿರಲಿ, ಗೋಡೆಗೆ ಬಿಳಿ ಹಾಳೆ ಅಂಟಿಸಿ, ನಡುವಿನ ಚುಕ್ಕೆ ಬೀಳುವ ಕಡೆ ಕಪ್ಪು ಕಾಗದದ ತುಂಡು ಹಚ್ಚಿ.

ಈಗ ಅಳತೆ. ಪ್ರಕಾಶಮಾನ ಪಟ್ಟೆಯ ನಡುವನ್ನು ಗುರುತಿಸುವುದು ಕಷ್ಟ. ಕಪ್ಪು ಗೆರೆಗಳನ್ನೇ ಪೆನ್ಸಿಲಿನಿಂದ ಗುರುತು ಮಾಡಿ. ಎಡಗಡೆಯ ಐದನೇ ಕಪ್ಪು ಗೆರೆಯಿಂದ ಬಲಗಡೆಯ ಐದನೆಯದಕ್ಕೆ ಒಟ್ಟು ಹತ್ತು ಅಂತರಗಳು. ಅದು 28 ಸೆಂಟಿಮೀಟರ್ ಬಂದರೆ ಒಂದು ಅಂತರ 0.028 ಮೀಟರ್.

ಕೂದಲಿನ ದಪ್ಪ = ತರಂಗದೂರ × ಗೋಡೆಯ ದೂರ ÷ ಒಂದು ಅಂತರ
= 0.65 ಮೈಕ್ರಾನ್ × 3 ÷ 0.028 = ಸುಮಾರು 70 ಮೈಕ್ರಾನ್.

ದೂರ ಅಳೆಯುವುದು ಕೂದಲಿನಿಂದ ಗೋಡೆಗೆ, ಲೇಸರಿನಿಂದ ಅಲ್ಲ. ಕಿರಣ ಗೋಡೆಗೆ ಓರೆಯಾಗಿ ಬಿದ್ದರೆ ಎಡದ ಅಂತರಗಳಿಗೂ ಬಲದವಕ್ಕೂ ವ್ಯತ್ಯಾಸ ಬರುತ್ತದೆ. ಅದೇ ಸರಿಪಡಿಸಿಕೊಳ್ಳುವ ಸೂಚನೆ. ಒಂದೇ ತಲೆಯ ಎರಡು ಕೂದಲು 10 ಮೈಕ್ರಾನ್ ಬೇರೆ ಬಂದರೆ ಗಾಬರಿ ಬೇಡ. ಕೂದಲು ಪೂರ್ತಿ ದುಂಡಗಿರುವುದಿಲ್ಲ, ತಿರುಚಿದ ಕಡೆ ಅಳತೆ ಬದಲಾಗುತ್ತದೆ. ದಪ್ಪ ಕೂದಲಿಗೆ ಪಟ್ಟೆಗಳು ಒತ್ತೊತ್ತಾಗಿ, ತೆಳು ಕೂದಲಿಗೆ ದೂರದೂರ ಬರುತ್ತವೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ. ಲೆಕ್ಕಕ್ಕಿಂತ ಅದು ಮುಖ್ಯ.

ಎಚ್ಚರಿಕೆ: ಲೇಸರಿನ ಚೀಟಿಯ ಮೇಲೆ 1 ಮಿಲಿವ್ಯಾಟಿಗಿಂತ ಕಡಿಮೆ ಎಂದಿರುವುದನ್ನೇ ತರಗತಿಗೆ ತನ್ನಿ. ಅಗ್ಗದ ಹಸಿರು ಲೇಸರ್ ಬೇಡ. 532 ನ್ಯಾನೊಮೀಟರಿನ (ನ್ಯಾನೊಮೀಟರ್ ಎಂದರೆ ಮೈಕ್ರಾನಿನ ಸಾವಿರದ ಒಂದು ಪಾಲು) ಹಸಿರಿನ ಜೊತೆಗೆ ಅವುಗಳಲ್ಲಿ 808 ಮತ್ತು 1064 ನ್ಯಾನೊಮೀಟರಿನ ಅವಗೆಂಪು ಕಿರಣವೂ ಸೋರಬಹುದು; ಕಣ್ಣಿಗೆ ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಕಿರಣದ ಹಾದಿಯಿಂದ ಸ್ಟೀಲ್ ಡಬ್ಬಿ, ಕೈಗಡಿಯಾರ, ಕನ್ನಡಿ ತೆಗೆದಿಡಿ. ಮೇಜು ಮಕ್ಕಳ ಕಣ್ಣಿನ ಮಟ್ಟಕ್ಕಿಂತ ತಗ್ಗಿರಲಿ.

ಪ್ರಶ್ನೆ: ಅದೇ ಲೇಸರಿನಿಂದ ಹಳೆಯ ಸಿಡಿ, ಡಿವಿಡಿಗಳ ಗೆರೆಗಳನ್ನು ಅಳೆಯಬಹುದೇ?
(ಡಿಪ್ಲೊಮಾ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಕೂದಲಿಗಿಂತ ಸುಲಭ. ಸಿಡಿಯ ಹೊಳೆಯುವ ಮುಖಕ್ಕೆ, ನಡುವಿನ ತೂತಿಗೂ ಹೊರ ಅಂಚಿಗೂ ಮಧ್ಯದಲ್ಲಿ, ಕಿರಣ ನೇರವಾಗಿ ಬೀಳಲಿ. ಹಿಂತಿರುಗಿದ ಚುಕ್ಕೆ ಲೇಸರಿನ ಬಾಯಿಗೇ ಬಂದರೆ ನೇರವಾಗಿದೆ ಎಂದರ್ಥ. ಸಿಡಿಯ ಗೆರೆಗಳ ನಡುವಿನ ಅಂತರ 1.6 ಮೈಕ್ರಾನ್. 0.65ನ್ನು 1.6ರಿಂದ ಭಾಗಿಸಿದರೆ 0.41, ಸೈನ್ ಬೆಲೆ ಅಷ್ಟಿರುವ ಕೋನ 24 ಡಿಗ್ರಿ. ಒಂದು ಮೀಟರ್ ದೂರದ ಪರದೆಯಲ್ಲಿ ಮೊದಲ ಚುಕ್ಕೆ ನಡುವಿನಿಂದ 44 ಸೆಂಟಿಮೀಟರ್ ಆಚೆ ಬರಬೇಕು. ಡಿವಿಡಿಯಲ್ಲಿ ಅಂತರ 0.74 ಮೈಕ್ರಾನ್, ಕೋನ 61 ಡಿಗ್ರಿ. ಪರದೆಯನ್ನು 30 ಸೆಂಟಿಮೀಟರಿಗೆ ತಂದರೂ ಚುಕ್ಕೆ 55 ಸೆಂಟಿಮೀಟರ್ ಆಚೆ ಬೀಳುತ್ತದೆ. ಬ್ಲೂ-ರೇ ಡಿಸ್ಕಿನಲ್ಲಿ ಅಂತರ 0.32 ಮೈಕ್ರಾನ್, ಅಲೆಗಿಂತಲೇ ಕಡಿಮೆ. ನೇರವಾಗಿ ಬಿದ್ದ ಕೆಂಪು ಬೆಳಕಿಗೆ ಅಲ್ಲಿ ಪಕ್ಕದ ಚುಕ್ಕೆಯೇ ಹುಟ್ಟುವುದಿಲ್ಲ.

ಪ್ರಶ್ನೆ: ಕಾರು ಅಂಡರ್‌ಪಾಸಿಗೆ ಇಳಿದ ಕೂಡಲೇ ಆಕಾಶವಾಣಿಯ ಮೀಡಿಯಂ ವೇವ್ ನಿಂತುಹೋಗುತ್ತದೆ, ಎಫ್‌ಎಂ ಬರುತ್ತಲೇ ಇರುತ್ತದೆ. ಆದರೆ ಘಟ್ಟದಲ್ಲಿ ಇದಕ್ಕೆ ತದ್ವಿರುದ್ಧ. ಕಾರಣವೇನು?
(ಟ್ಯಾಕ್ಸಿ ಚಾಲಕರು, ಬೆಂಗಳೂರು)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನಮಗೆ ಬಹಳ ಹಿಡಿಸಿದ ಪ್ರಶ್ನೆ. ಎರಡೂ ಕಡೆ ನೀವು ಗಮನಿಸಿದ್ದು ಸರಿ.

ರೇಡಿಯೊ ಅಲೆ ಮತ್ತು ಬೆಳಕು ಒಂದೇ ಜಾತಿ. ಎರಡರ ವೇಗವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಉದ್ದ ಮಾತ್ರ ಬೇರೆ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್. 3,00,000ವನ್ನು 612ರಿಂದ ಭಾಗಿಸಿ, ತರಂಗದೂರ 490 ಮೀಟರ್. ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್, ತರಂಗದೂರ 3 ಮೀಟರಿಗೆ ಕೊಂಚ ಕಡಿಮೆ. ಅಂಡರ್‌ಪಾಸಿನ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳ ಬಲೆಯಿದೆ, ಸುತ್ತ ಮಣ್ಣಿದೆ. ಅಲೆಗೆ ಅದೊಂದು ಲೋಹದ ಕೊಳವೆ. ಇಂಥ ಕೊಳವೆಯೊಳಗೆ ಅಲೆ ಸಾಗಬೇಕಾದರೆ ಅದರ ಅಡ್ಡಳತೆ ಅರ್ಧ ತರಂಗದೂರಕ್ಕಿಂತ ಹೆಚ್ಚಿರಬೇಕು. ಎಫ್‌ಎಂಗೆ ಬೇಕಾದದ್ದು ಒಂದೂವರೆ ಮೀಟರ್, ಅಂಡರ್‌ಪಾಸಿನಲ್ಲಿ ಅದಕ್ಕಿಂತ ಧಾರಾಳ ಜಾಗವಿದೆ. ಮೀಡಿಯಂ ವೇವ್‌ಗೆ 245 ಮೀಟರ್ ಬೇಕು. ಹೀಗಾಗಿ ಅದು ಬಾಯಿಯ ಹತ್ತಿರವೇ, ಕೆಲವು ಮೀಟರ್ ಒಳಗೆ, ಕ್ಷೀಣಿಸಿಹೋಗುತ್ತದೆ.

ಘಟ್ಟದಲ್ಲಿ ಅಡ್ಡ ನಿಂತಿರುವುದು ಇನ್ನೂರು ಮುನ್ನೂರು ಮೀಟರ್ ಗುಡ್ಡ. 490 ಮೀಟರಿನ ಅಲೆ ಅದನ್ನು ಬಳಸಿಕೊಂಡು ನೆಲದಗುಂಟ ಸಾಗುತ್ತದೆ. 3 ಮೀಟರಿನ ಅಲೆಗೆ ಅದೇ ಗುಡ್ಡ ದೊಡ್ಡ ಅಡ್ಡಗೋಡೆ, ಹಿಂದೆ ನೆರಳು ಬೀಳುತ್ತದೆ.

ಸಿಗ್ನಲ್ಲಿನಲ್ಲಿ ನಿಂತಾಗ ಎಫ್‌ಎಂ ಗೊರಗೊರ ಎನ್ನತೊಡಗಿದರೆ ಕಾರನ್ನು ಮುಕ್ಕಾಲು ಮೀಟರ್ ಮುಂದಕ್ಕೆ ಬಿಟ್ಟು ನೋಡಿ. ಕಟ್ಟಡಗಳಿಗೆ ಬಡಿದು ಬಂದ ಅಲೆಯೂ ನೇರವಾಗಿ ಬಂದದ್ದೂ ಕೂಡಿ ಕೆಲವು ಕಡೆ ಒಂದನ್ನೊಂದು ಅಳಿಸಿಹಾಕಿರುತ್ತವೆ. ಅಂಥ ಸತ್ತ ಜಾಗದಿಂದ ಬಲವಾದ ಜಾಗಕ್ಕೆ ಹಲವು ಸಲ ಕಾಲು ತರಂಗದೂರ, ಅಂದರೆ ಸುಮಾರು 75 ಸೆಂಟಿಮೀಟರ್ ಅಂತರವಷ್ಟೇ ಇರುತ್ತದೆ.

ಉದ್ದ ಅಲೆಗೆ ತೆರಬೇಕಾದ ಬೆಲೆಯೂ ಇದೆ. ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್‌ಗೆಂದು ಕಟ್ಟಿದ ರೇಡಿಯೊ ದೂರದರ್ಶಕದಲ್ಲಿ ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನಿಲ್ಲಿಸಲಾಗಿತ್ತು. ಪೂರ್ವ-ಪಶ್ಚಿಮ ತೋಳಿನ ಉದ್ದವೇ 1.4 ಕಿಲೋಮೀಟರ್. ಆದರೂ ಅದು ಹಿಡಿಯುವ 8.7 ಮೀಟರ್ ಅಲೆಗೆ ಅಷ್ಟುದ್ದದ ತೋಳು 160 ಪಟ್ಟು ಮಾತ್ರ. ನಮ್ಮ 3 ಮಿಲಿಮೀಟರ್ ಕಣ್ಣಪಾಪೆ ಬೆಳಕಿನ ಅಲೆಗಿಂತ ಐದು ಸಾವಿರ ಪಟ್ಟು ಅಗಲ. ಸೂಕ್ಷ್ಮ ವಿವರ ಬಿಡಿಸಿ ನೋಡುವುದು ಈ ಪಟ್ಟಿನ ಮೇಲೇ ನಿಂತಿದೆ, ಅದರಲ್ಲಿ ಬರಿಗಣ್ಣು ಆ ದೈತ್ಯನಿಗಿಂತ ಮೂವತ್ತು ಪಟ್ಟು ಮುಂದೆ.

ಪ್ರಶ್ನೆ: ನೀರಿನೊಳಗೆ ಬೆಳಕಿನ ತರಂಗದೂರ ಕಡಿಮೆಯಾಗುತ್ತದೆ. ಕೆಂಪು ಬೆಳಕು ನೀರಿನಲ್ಲಿ ನೀಲಿಯಾಗಬೇಕಲ್ಲವೇ?
(ದ್ವಿತೀಯ ಪಿಯು ವಿದ್ಯಾರ್ಥಿ, ಮಂಗಳೂರು)

ಉತ್ತರ: ಲೆಕ್ಕ ಸರಿ, ತೀರ್ಮಾನ ತಪ್ಪು. 650 ನ್ಯಾನೊಮೀಟರನ್ನು ನೀರಿನ ವಕ್ರೀಭವನ ಸೂಚ್ಯಂಕ (ಬೆಳಕಿನ ವೇಗ ಅಲ್ಲಿ ಎಷ್ಟು ಪಟ್ಟು ತಗ್ಗುತ್ತದೆ ಎಂಬ ಸಂಖ್ಯೆ) 1.33ರಿಂದ ಭಾಗಿಸಿದರೆ 489 ಬರುತ್ತದೆ, ಗಾಳಿಯಲ್ಲಿ ಅದು ನೀಲಿ-ಹಸಿರಿನ ಜಾಗ. ಆದರೆ ಬಣ್ಣ ಗೊತ್ತುಮಾಡುವುದು ಆವೃತ್ತಿ, ಅದು ಬದಲಾಗುವುದಿಲ್ಲ. ನೀರಿನ ಮೇಲ್ಮೈಗೆ ಸೆಕೆಂಡಿಗೆ ಎಷ್ಟು ಉಬ್ಬು ಬಂದು ತಲಪುತ್ತವೋ ಅಷ್ಟೇ ಒಳಗೆ ಹೋಗಬೇಕು. ನಡುವೆ ಕಳೆದುಹೋಗಲು ಜಾಗವಿಲ್ಲ. ವೇಗ ಇಳಿಯಿತು, ಸಂಖ್ಯೆ ಅಷ್ಟೇ ಉಳಿಯಿತು, ಹಾಗಾಗಿ ಉಬ್ಬುಗಳು ಒತ್ತೊತ್ತಾದವು. 650 ನ್ಯಾನೊಮೀಟರಿನ ಕೆಂಪಿನ ಆವೃತ್ತಿ ಗಾಳಿಯಲ್ಲೂ ನೀರಿನಲ್ಲೂ ವಜ್ರದಲ್ಲೂ 461 ಟೆರಾಹರ್ಟ್ಸ್, ಅಂದರೆ ಸೆಕೆಂಡಿಗೆ 461 ಲಕ್ಷ ಕೋಟಿ ಉಬ್ಬು. ಅದಲ್ಲದೆ ನಿಮ್ಮ ಕಣ್ಣಿನೊಳಗೂ ನೀರಿನಂಥದೇ ದ್ರವವಿದೆ. ಅಕ್ಷಿಪಟಕ್ಕೆ ಮುಟ್ಟುವಾಗ ಎಲ್ಲ ಕೆಂಪೂ ಹಾಗೆ ಕುಗ್ಗಿಯೇ ಇರುತ್ತದೆ. ಆಳ ಸಮುದ್ರದಲ್ಲಿ ಕೆಂಪು ವಸ್ತು ಕಪ್ಪಾಗಿ ಕಾಣುವುದು ಬೇರೆ ವಿಷಯ. ನೀರು ಕೆಂಪನ್ನು ಹೀರಿಕೊಳ್ಳುತ್ತದೆ.

ಪರೀಕ್ಷೆಯಲ್ಲಿ: ಮಾಧ್ಯಮ ಬದಲಾದರೆ ವೇಗ ಮತ್ತು ತರಂಗದೂರ ಬದಲು, ಆವೃತ್ತಿ ಇಲ್ಲ.

ಪ್ರಶ್ನೆ: ಮಗಳಿಗೆ ಸೋಪಿನ ಪೊರೆ ಮಾಡಿಕೊಟ್ಟೆ. ಒಡೆಯುವ ಮುಂಚೆ ಪೊರೆಯ ಮೇಲ್ಭಾಗ ಬಣ್ಣ ಕಳೆದುಕೊಂಡು ಕಪ್ಪಾಯಿತು. ಅಲ್ಲಿ ಪೊರೆಯೇ ಇಲ್ಲವೇನೋ ಅನ್ನಿಸಿತು.
(ಓದುಗರು, ತುಮಕೂರು)

ಉತ್ತರ: ಪೊರೆ ಇರುತ್ತದೆ, 30 ನ್ಯಾನೊಮೀಟರಿಗಿಂತ ತೆಳುವಾಗಿ. ಪೊರೆಯ ಮುಂದಿನ ಮುಖದಿಂದ ಒಂದು ಅಲೆ, ಹಿಂದಿನ ಮುಖದಿಂದ ಇನ್ನೊಂದು ಅಲೆ ಪ್ರತಿಫಲಿಸಿ ಬರುತ್ತವೆ. ಗಾಳಿಯಿಂದ ಬಂದು ನೀರಿಗೆ ಬಡಿದು ಮರಳುವ ಅಲೆ ತಲೆಕೆಳಗಾಗುತ್ತದೆ, ಉಬ್ಬು ಹೋಗಿ ತಗ್ಗು ಬರುತ್ತದೆ. ನೀರಿನೊಳಗಿಂದ ಗಾಳಿಯ ಗಡಿಗೆ ಬಡಿದು ಮರಳುವ ಅಲೆ ಹಾಗಾಗುವುದಿಲ್ಲ. ಪೊರೆ ತೀರ ತೆಳುವಾದಾಗ ಎರಡರ ಹಾದಿಗೂ ವ್ಯತ್ಯಾಸವೇ ಉಳಿಯದೆ, ಒಂದರ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಕೂತು ಎಲ್ಲ ಬಣ್ಣಗಳೂ ಅಳಿಯುತ್ತವೆ. ಕೆಳಕ್ಕೆ ಬಂದಂತೆ ಪೊರೆ ದಪ್ಪ. 103 ನ್ಯಾನೊಮೀಟರ್ ಇರುವಲ್ಲಿ 550 ನ್ಯಾನೊಮೀಟರಿನ ಹಸಿರು ಮೊದಲ ಸಲ ಬಲಗೊಳ್ಳುತ್ತದೆ, ಉಳಿದ ಬಣ್ಣಗಳೂ ಜೊತೆಗಿರುವುದರಿಂದ ಅಲ್ಲಿ ಬೆಳ್ಳಿಬಿಳಿ ಕಾಣುತ್ತದೆ. ಆಮೇಲೆ ಪ್ರತಿ 207 ನ್ಯಾನೊಮೀಟರಿಗೊಮ್ಮೆ ಅದೇ ಹಸಿರು ಮರಳುತ್ತದೆ. ಅಂದರೆ ಪಟ್ಟೆ ಎಣಿಸಿದರೆ ಪೊರೆಯ ದಪ್ಪವನ್ನೇ ಎಣಿಸಿದಂತೆ.

ಮತ್ತೆ ಮಾಡುವುದಾದರೆ: 200 ಮಿಲಿಲೀಟರ್ ನೀರು, ಪಾತ್ರೆ ತೊಳೆಯುವ ದ್ರವ ಎರಡು ಟೇಬಲ್‌ಚಮಚ, ಗ್ಲಿಸರಿನ್ ಒಂದು ಟೇಬಲ್‌ಚಮಚ. ಬೋರ್‌ವೆಲ್ ನೀರು ಬೇಡ. ಅದರ ಗಡಸುತನ ಪೊರೆಯನ್ನು ಕೆಡಿಸುತ್ತದೆ, ಫಿಲ್ಟರ್ ನೀರು ಬಳಸಿ. ನೊರೆ ಬರಿಸದೆ ಕಲಕಿ. ಹಳೆಯ ಬಳೆಯೊಂದನ್ನು ಅದ್ದಿ ನೆಟ್ಟಗೆ ಹಿಡಿದು, ಹಿಂದೆ ಕಪ್ಪು ಬಟ್ಟೆ ಇಟ್ಟು, ಟ್ಯೂಬ್‌ಲೈಟ್ ಬಿದ್ದ ಬಿಳಿಗೋಡೆಯ ಪ್ರತಿಬಿಂಬ ಪೊರೆಯಲ್ಲಿ ಕಾಣುವಂತೆ ನಿಲ್ಲಿ. ಫ್ಯಾನ್ ಆರಿಸುವುದು ಕಡ್ಡಾಯ.

ಪ್ರಶ್ನೆ: ಮೈಕ್ರೋವೇವ್‌ನಲ್ಲಿ ಹಪ್ಪಳ ಸುಟ್ಟರೆ ಅಲ್ಲಲ್ಲಿ ಅರಳಿ, ಅಲ್ಲಲ್ಲಿ ಹಸಿಯಾಗೇ ಉಳಿಯುತ್ತದೆ. ಇದರಿಂದ ಬೆಳಕಿನ ವೇಗ ಕಂಡುಹಿಡಿಯಬಹುದು ಎಂದು ಮಗ ಹೇಳುತ್ತಾನೆ. ತಮಾಷೆಯೋ ನಿಜವೋ?
(ಗೃಹಿಣಿ, ಹುಬ್ಬಳ್ಳಿ)

ಉತ್ತರ: ನಿಜ, ಕೊಂಚ ತಮಾಷೆಯೂ ಹೌದು. ಒವನಿನ ಹಿಂದಿನ ಫಲಕದಲ್ಲಿ 2450 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ. ಲೋಹದ ಗೋಡೆಗಳ ನಡುವೆ ಅಲೆ ಹೋಗಿಬಂದು ತನ್ನ ಮೇಲೇ ಬಿದ್ದು, ಒಂದೇ ಕಡೆ ನಿಂತು ಅಲುಗುವ ಸ್ಥಾಯೀ ತರಂಗವಾಗುತ್ತದೆ. ಅದು ಜೋರಾಗಿ ಅಲುಗುವ ಕಡೆ ಹಪ್ಪಳ ಅರಳುತ್ತದೆ, ಅಲುಗದ ಕಡೆ ಹಸಿ. ಪಕ್ಕಪಕ್ಕದ ಎರಡು ಬಿಸಿ ಜಾಗಗಳ ನಡುವೆ ಅರ್ಧ ತರಂಗದೂರ, ಲೆಕ್ಕದ ಪ್ರಕಾರ 6.1 ಸೆಂಟಿಮೀಟರ್.

ತಿರುಗುವ ಗಾಜಿನ ತಟ್ಟೆಯನ್ನೂ ಅದರಡಿಯ ಗಾಲಿಯ ಬಳೆಯನ್ನೂ ತೆಗೆಯಿರಿ. ಅವಿರುವುದೇ ಈ ಚುಕ್ಕೆಗಳನ್ನು ಅಳಿಸಲಿಕ್ಕೆ. ತಟ್ಟೆಯೊಂದನ್ನು ಬೋರಲು ಹಾಕಿ (ಪಿಂಗಾಣಿ, ಸ್ಟೀಲ್ ಅಲ್ಲ) ಮೇಲೆ ದೊಡ್ಡ ಉದ್ದಿನ ಹಪ್ಪಳ ಇಡಿ. ಕಿಟಕಿಯಲ್ಲಿ ನೋಡುತ್ತಲೇ ಇರಿ. ಮೊದಲ ಎರಡು ಮೂರು ಜಾಗ ಅರಳಿದೊಡನೆ ನಿಲ್ಲಿಸಿ, ಸಾಮಾನ್ಯವಾಗಿ 15-20 ಸೆಕೆಂಡು. ಇನ್ನೂ ಬಿಟ್ಟರೆ ಬಿಸಿ ಹರಡಿ ಗುರುತು ಕೆಡುತ್ತದೆ, ಕೊನೆಗೆ ಸೀಯುತ್ತದೆ. ಅರಳಿದ ಜಾಗಗಳ ನಡುವಿನಿಂದ ನಡುವಿಗೆ ಅಳೆದು, ಎರಡರಿಂದ ಗುಣಿಸಿ, 2450 ಮೆಗಾಹರ್ಟ್ಸ್‌ನಿಂದ ಗುಣಿಸಿ. 6.5 ಸೆಂಟಿಮೀಟರ್ ಬಂದರೆ ವೇಗ ಸೆಕೆಂಡಿಗೆ 3,18,500 ಕಿಲೋಮೀಟರ್, ಶೇಕಡಾ 6 ಜಾಸ್ತಿ.

ಹೆಚ್ಚು ಬರುವುದಕ್ಕೂ ಕಾರಣವಿದೆ. ಡಬ್ಬಿಯೊಳಗೆ ಅಲೆ ಹಪ್ಪಳಕ್ಕೆ ಸಮಾನಾಂತರವಾಗಿಯೇ ಸಾಗಬೇಕೆಂದಿಲ್ಲ. ಓರೆಯಾಗಿ ಸಾಗಿದಾಗ ಹಪ್ಪಳದ ಮೇಲೆ ಬೀಳುವ ಅಂತರ ಹಿಗ್ಗುತ್ತದೆ. ಹಪ್ಪಳದ ತೇವವೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತಿರುಗುವ ತಟ್ಟೆಯೇ ಇಲ್ಲದ ಒವನುಗಳಲ್ಲಿ ಒಳಗೆ ಅಲೆಯನ್ನು ಕಲಕುವ ರೆಕ್ಕೆ ಇರುವುದರಿಂದ ಈ ಪ್ರಯೋಗ ಆಗುವುದಿಲ್ಲ. ಬಾಗಿಲಿನ ಜಾಲರಿಯಿಂದ ಅಲೆ ಹೊರಬರದೇ ಎಂದು ಹೆದರುವವರಿಗೆ: ತೂತು ಒಂದೆರಡು ಮಿಲಿಮೀಟರ್, ಅಲೆ 12 ಸೆಂಟಿಮೀಟರ್; ಅಂಡರ್‌ಪಾಸಿನಲ್ಲಿ ಮೀಡಿಯಂ ವೇವ್ ಕ್ಷೀಣಿಸಿದಂತೆ ಇಲ್ಲೂ ಕ್ಷೀಣಿಸುತ್ತದೆ. ಒಳಗಿನ ದೀಪದ ಬೆಳಕು ಮಾತ್ರ ಸಲೀಸಾಗಿ ಬರುತ್ತದೆ.

ಪ್ರಶ್ನೆ: ಪೋಲರಾಯ್ಡ್ ಕನ್ನಡಕ ಹಾಕಿ ಫೋನ್ ತಿರುಗಿಸಿದರೆ ಪರದೆ ಕಪ್ಪಾಗುತ್ತದೆ. ಶಬ್ದಕ್ಕೂ ಇಂಥ ಕನ್ನಡಕ ಮಾಡಬಹುದೇ?
(ಓದುಗರು, ಮೈಸೂರು)

ಉತ್ತರ: ಆಗದು. ಗಾಳಿಯಲ್ಲಿ ಶಬ್ದ ತಾನು ಹೋಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಅಲುಗುತ್ತದೆ. ಅದಕ್ಕೆ ಎಡಬಲ, ಮೇಲೆಕೆಳಗೆ ಎಂಬ ಆಯ್ಕೆಯೇ ಇಲ್ಲ. ಬೆಳಕು ಸಾಗುವ ದಿಕ್ಕಿಗೆ ಅಡ್ಡಲಾಗಿ ಅಲುಗುತ್ತದೆ, ಪೋಲರಾಯ್ಡ್ ಒಂದು ದಿಕ್ಕಿನ ಅಲುಗಾಟವನ್ನಷ್ಟೇ ಬಿಡುತ್ತದೆ. ಎಲ್‌ಸಿಡಿ ಪರದೆಯ ಬೆಳಕು ಹೊರಡುವಾಗಲೇ ಒಂದು ದಿಕ್ಕಿಗೆ ಧ್ರುವೀಕರಣಗೊಂಡಿರುತ್ತದೆ. ಕೆಲವು ಫೋನ್‌ಗಳಲ್ಲಿ ಹೊರಪದರ ಕೊಟ್ಟು ಕಪ್ಪಾಗುವುದನ್ನು ತಪ್ಪಿಸಿರುತ್ತಾರೆ. ಆಗ ಅಗ್ಗದ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಕನ್ನಡಕ ನಿಜಕ್ಕೂ ಪೋಲರಾಯ್ಡೇ ಎಂದು ನೋಡಲೂ ಇದೇ ಉಪಾಯ.

ನೀರಿನಿಂದ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದ ಬೆಳಕೂ ಪೂರ್ತಿ ಧ್ರುವೀಕರಣಗೊಂಡಿರುತ್ತದೆ. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬವೇ ಎಂಬುದನ್ನು 1921ರಲ್ಲಿ ಹಡಗಿನಲ್ಲಿದ್ದ ಸಿ.ವಿ. ರಾಮನ್ ಪರೀಕ್ಷಿಸಿದ್ದು ಹೀಗೆ. ಪೋಲರಾಯ್ಡಿನ ಕೆಲಸವನ್ನೇ ಮಾಡುವ ನಿಕಾಲ್ ಪಟ್ಟಕದಿಂದ ಪ್ರತಿಬಿಂಬವನ್ನು ಅಳಿಸಿದ ಮೇಲೂ ನೀಲಿ ಉಳಿದಿತ್ತು. ಧ್ರುವೀಕರಣದ ಇನ್ನೊಂದು ದೊಡ್ಡ ಕೆಲಸ ನಡೆದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಿಸಿ ಮೊದಲಿನ ಸ್ಥಿತಿಗೇ ತಂದರೂ ಅಲೆಯ ಉಬ್ಬು ಮೊದಲಿದ್ದ ಜಾಗದಲ್ಲಿರದೆ ಸರಿದಿರುತ್ತದೆ ಎಂದು ಎಸ್. ಪಂಚರತ್ನಂ 1956ರಲ್ಲಿ ತೋರಿಸಿದರು. ಆಗ ಅವರಿಗೆ ಇಪ್ಪತ್ತೆರಡರ ಪ್ರಾಯ. ಪಂಚರತ್ನಂ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ಕಾಣಬೇಕಿತ್ತು.

ಪ್ರಶ್ನೆ: ಶಬ್ದದಲ್ಲಿ ಗಾಳಿ ಅಲುಗುತ್ತದೆ. ಬೆಳಕಿನಲ್ಲಿ ಅಲುಗುವುದು ಏನು? ಬೆಳಕು ಫೋಟಾನ್ ಕಣ ಎಂದ ಮೇಲೆ ಅಲೆಯ ಮಾತೇಕೆ?
(ಬಿಎಸ್ಸಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಅಲುಗುವುದು ವಿದ್ಯುತ್ ಕ್ಷೇತ್ರ ಮತ್ತು ಕಾಂತ ಕ್ಷೇತ್ರ. ಮ್ಯಾಕ್ಸ್‌ವೆಲ್ 1865ರ ಲೇಖನದಲ್ಲಿ ಲೆಕ್ಕದಿಂದ ಹೇಳಿದ ಇಂಥ ಅಲೆಯನ್ನು ವಿಜ್ಞಾನಿ ಹೈನ್ರಿಕ್ ಹರ್ಟ್ಸ್ 1887ರ ಹೊತ್ತಿಗೆ ಪ್ರಯೋಗಾಲಯದಲ್ಲಿ ಹುಟ್ಟಿಸಿದರು. ಇದಕ್ಕೊಂದು ಆಧಾರ ವಸ್ತು ಬೇಕೇಬೇಕೆಂದು ‘ಈಥರ್’ ಅನ್ನು ಹುಡುಕಿದ ಮೈಕಲ್ಸನ್ ಮತ್ತು ಮಾರ್ಲೆಗೆ ಅದೇ 1887ರಲ್ಲಿ ಏನೂ ಸಿಗಲಿಲ್ಲ. ಕ್ಷೇತ್ರವೆಂದರೆ ಬರೀ ಲೆಕ್ಕದ ಕಲ್ಪನೆಯಲ್ಲ. ಚದರ ಮೀಟರಿಗೆ 1000 ವ್ಯಾಟ್‌ನ ಮಧ್ಯಾಹ್ನದ ಬಿಸಿಲನ್ನು ಒಂದೇ ಬಣ್ಣದ ಅಲೆಯೆಂದು ಹಿಡಿದರೆ ಅದರ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 870 ವೋಲ್ಟ್‌ವರೆಗೆ ಏರಿಳಿಯುತ್ತದೆ. ನಮಗೆ ತಟ್ಟದಿರುವುದು ಅದು ಸೆಕೆಂಡಿಗೆ ನೂರಾರು ಲಕ್ಷ ಕೋಟಿ ಸಲ ದಿಕ್ಕು ಬದಲಿಸುವುದರಿಂದ.

ಇನ್ನು ಕಣದ ಮಾತು. 1 ಮಿಲಿವ್ಯಾಟ್ ಕೆಂಪು ಲೇಸರಿನಿಂದ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಫೋಟಾನುಗಳು ಹೊರಡುತ್ತವೆ. 3 ಮೀಟರ್ ಕ್ರಮಿಸಲು ಬೆಳಕಿಗೆ ಒಂದು ಸೆಕೆಂಡಿನ ಹತ್ತು ಕೋಟಿಯ ಒಂದು ಪಾಲು ಸಾಕು, ಹಾಗಾಗಿ ಗದಗದ ಶಿಕ್ಷಕರ ಕೂದಲಿಗೂ ಗೋಡೆಗೂ ನಡುವೆ ಯಾವ ಕ್ಷಣದಲ್ಲೂ 3.3 ಕೋಟಿ ಫೋಟಾನುಗಳಿರುತ್ತವೆ. ಅವು ಒಂದನ್ನೊಂದು ತಳ್ಳಾಡಿ ಪಟ್ಟೆ ಮಾಡುತ್ತವೆ ಎಂದು ಅನುಮಾನ ಬರುವುದು ಸಹಜ. 1909ರಲ್ಲಿ ಕೇಂಬ್ರಿಜ್‌ನಲ್ಲಿ ಜಿ.ಐ. ಟೇಲರ್ ಒಂದು ಸೂಜಿಯ ನೆರಳನ್ನು ಅತಿ ಕ್ಷೀಣ ಬೆಳಕಿನಲ್ಲಿ ಚಿತ್ರ ತೆಗೆದರು. ಹಾದಿಯಲ್ಲಿ ಒಂದು ಫೋಟಾನಿನಷ್ಟು ಶಕ್ತಿಯೂ ಒಮ್ಮೆಗೆ ಇರದಷ್ಟು ಮಂದ ಬೆಳಕು ಅದು. ಒಂದು ಫಲಕಕ್ಕೆ ಸುಮಾರು 2,000 ಗಂಟೆ, ಅಂದರೆ ಮೂರು ತಿಂಗಳು ಬೆಳಕು ಬೀಳಬಿಡಬೇಕಾಯಿತು. ಪಟ್ಟೆಗಳು ಪ್ರಖರ ಬೆಳಕಿನಲ್ಲಿ ಬಂದಷ್ಟೇ ಸ್ಪಷ್ಟವಾಗಿದ್ದವು. ಗುಂಪಿನ ತಳ್ಳಾಟ ಕಾರಣವಲ್ಲ. ಪರದೆಗೆ ತಗಲುವಾಗ ಬೆಳಕು ಎಣಿಸಬಹುದಾದ ತುಣುಕು. ಎಲ್ಲಿ ತಗಲುವ ಸಂಭವ ಎಷ್ಟು ಎಂಬುದನ್ನು ಹೇಳುವುದು ಅಲೆಯ ಲೆಕ್ಕ. ಎರಡರಲ್ಲಿ ಒಂದನ್ನು ಬಿಟ್ಟರೂ ಪ್ರಯೋಗದ ಫಲಿತಾಂಶ ಮೊದಲೇ ಹೇಳಲಾಗದು.

ಪ್ರಶ್ನೆ: ಶಬ್ದದಿಂದ ಬೆಳಕನ್ನು ಬಾಗಿಸಲು ಸಾಧ್ಯವೇ?
(ಓದುಗರು, ದಾವಣಗೆರೆ)

ಉತ್ತರ: ಸಾಧ್ಯ, ಕಿವಿಗೆ ಕೇಳದ ಶಬ್ದದಿಂದ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 10 ಮೆಗಾಹರ್ಟ್ಸ್ ಶ್ರವಣಾತೀತ ಶಬ್ದದ ತರಂಗದೂರ 0.15 ಮಿಲಿಮೀಟರ್. ಉಬ್ಬಿದ್ದಲ್ಲಿ ನೀರು ಕೊಂಚ ಸಾಂದ್ರ, ತಗ್ಗಿನಲ್ಲಿ ಕೊಂಚ ವಿರಳ, ಅದರಂತೆ ವಕ್ರೀಭವನ ಸೂಚ್ಯಂಕವೂ ಏರಿಳಿಯುತ್ತದೆ. ಅಡ್ಡಲಾಗಿ ಹಾಯಿಸಿದ ಬೆಳಕಿಗೆ ಇದು 0.15 ಮಿಲಿಮೀಟರ್ ಅಂತರದ ಗೆರೆಗಳಂತೆ ವರ್ತಿಸುತ್ತದೆ: 0.65 ಮೈಕ್ರಾನನ್ನು 150 ಮೈಕ್ರಾನಿನಿಂದ ಭಾಗಿಸಿದರೆ ಕೋನ ಕಾಲು ಡಿಗ್ರಿ, 3 ಮೀಟರ್ ಆಚೆಯ ಗೋಡೆಯಲ್ಲಿ 13 ಮಿಲಿಮೀಟರಿಗೊಂದು ಚುಕ್ಕೆ. 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಇದು ಕಂಡುಬಂತು. ಶಬ್ದದ ಜೋರು ಏರಿಸಿದಂತೆ ಹೊಸ ಚುಕ್ಕೆಗಳೇಕೆ ಹುಟ್ಟುತ್ತವೆ, ಕೆಲವು ಮಾಯವಾಗಿ ಮತ್ತೇಕೆ ಮರಳುತ್ತವೆ ಎಂಬುದನ್ನು ಲೆಕ್ಕಕ್ಕೆ ಇಳಿಸಿದ್ದು ರಾಮನ್ ಮತ್ತು ನಾಗೇಂದ್ರನಾಥ್, 1935-36ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಂದಿನ ಲೇಸರ್ ಉಪಕರಣಗಳಲ್ಲಿ ಕಿರಣವನ್ನು ಮೈಕ್ರೊಸೆಕೆಂಡಿಗೂ ಕಡಿಮೆ ಸಮಯದಲ್ಲಿ ಆರಿಸಿ ಹೊತ್ತಿಸುವ ಪುಟ್ಟ ಹರಳಿನ ಬಿಡಿಭಾಗ ಕೆಲಸ ಮಾಡುವುದೂ ಶಬ್ದದ ಅಲೆ ಬೆಳಕನ್ನು ಹೀಗೆ ಬಾಗಿಸುವುದರಿಂದಲೇ.